ಮಾಕೂಲಕ್ಕೆ ಹೆಸರಿಟ್ಟವನು

ನಾಶಿಕದ ಪಂಚವಟಿಯಲ್ಲಿ ನಿವೃತ್ತಿಯ ಮೇಲೆ ನಾವು ಬಂದಿರುವ ಕಟ್ಟಡದಲ್ಲಿ ಬೀದರ, ಕಲಬುರಗಿ ಕಡೆಯ ಐದು ಮನೆಗಳಿವೆ. ಒಬ್ಬರು ಬ್ಯಾಂಕಿನಲ್ಲಿದ್ದವರು, ಒಬ್ಬರದು ಬಟ್ಟೆ ಅಂಗಡಿ, ಇನ್ನೊಬ್ಬರು ರೈಲ್ವೆ. ಅವರೆಲ್ಲ ಏನು ಕೆಲಸ ಮಾಡಿದರು ಅಂತ ಯಾರೂ ಕೇಳುವುದಿಲ್ಲ. ನನ್ನನ್ನು ಮಾತ್ರ ನಿವೃತ್ತನಾಗಿ ಎರಡು ವರ್ಷವಾದ ಮೇಲೂ ಕೇಳುತ್ತಾರೆ. ಆಳ ಸಮುದ್ರದ ಸ್ಕ್ವಿಡ್ ಸಿಕ್ಕರೆ ಅದು ಯಾವ ಜಾತಿಯದೆಂದು ಹೇಳುತ್ತಿದ್ದೆ ಅನ್ನುತ್ತೇನೆ. ಎಲ್ಲಿ ಅಂತ ಕೇಳುತ್ತಾರೆ. ಸಂಭಾಜಿನಗರದಲ್ಲಿ ಅನ್ನುತ್ತೇನೆ. ಅಲ್ಲಿಗೆ ಮಾತು ನಿಂತು ಚಹಾ ಬರುತ್ತದೆ.

ಮೊನ್ನೆ ಮೂರನೇ ಮಹಡಿಯ ಪಾಟೀಲರ ಮಗಳು ಪೂಜಾ ಪೇಢೆ ಡಬ್ಬಿ ಹಿಡಿದುಕೊಂಡು ಬಂದಳು. ನಾನಿದ್ದ ಖಾತೆಯಲ್ಲೇ ಆಕೆಗೆ ಕೆಲಸ ಸಿಕ್ಕಿದೆ. "ಕಾಕಾ, ಅಲ್ಲಿ ಖರೇ ಅಂದ್ರ ಏನ್ ಮಾಡಬೇಕಾಗ್ತದ?" ಅಂತ ಕೇಳಿದಳು. ಬರೆದುಕೊಡುತ್ತೇನೆ ಅಂದೆ. ಅವಳಿಗೆ ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ. ಅವಳ ತಾಯಿ ಶೋಭಾ ಓದಿ ಹೇಳುತ್ತಾರಂತೆ. ಶೋಭಾ ಅವರೇ, ನಡುನಡುವೆ ನಿಮ್ಮ ಅಭಿಪ್ರಾಯ ಸೇರಿಸದೆ ಇದ್ದದ್ದಷ್ಟನ್ನೇ ಓದಿರಿ. ಬಡ್ತಿ, ಸಂಬಳದ ವಿಷಯ ಇದರಲ್ಲಿ ಇಲ್ಲ. ಅವು ತಮ್ಮ ಪಾಡಿಗೆ ಬಂದವು, ಹೋದವು.

ನಾನು ಭಾಲ್ಕಿ ತಾಲೂಕಿನವನು. ಪ್ರಾಣಿಶಾಸ್ತ್ರ ಓದಿದೆ, ಪರೀಕ್ಷೆ ಬರೆದೆ, ಆದೇಶ ಬಂತು. ನಮ್ಮ ಕಚೇರಿ ಮೊದಲು ಸಮುದ್ರದ ದಂಡೆಯಲ್ಲೇ ಇತ್ತಂತೆ. ಅಲ್ಲಿಯ ತೇವಕ್ಕೆ ಸೀಸೆಗಳ ಮೇಲಿನ ಚೀಟಿಗಳಿಗೆಲ್ಲ ಬೂಸ್ಟು ಹಿಡಿದು, ಯಾವುದರೊಳಗೆ ಯಾವ ಪ್ರಾಣಿ ಇದೆ ಎನ್ನುವುದೇ ಅಳಿಸಿಹೋಗತೊಡಗಿತು. ಒಣ ಊರು ಬೇಕೆಂದು ಯಾರೋ ಬರೆದರು. ಒಣ ಊರೆಂದರೆ ಔರಂಗಾಬಾದ್ ಎಂದು ಇನ್ಯಾರೋ ತಿಳಿದರು. ಸಂಭಾಜಿನಗರಕ್ಕೆ ಆಗ ಅದೇ ಹೆಸರು. ಹೀಗೆ ನಲ್ಲಿಯಲ್ಲಿ ಐದಾರು ದಿನಕ್ಕೊಮ್ಮೆ ನೀರು ಬರುವ ಊರಿಗೆ, ಮುನ್ನೂರು ಕಿಲೋಮೀಟರ್ ಆಚೆಯ ಸಮುದ್ರದ ಪ್ರಾಣಿಗಳು ಸೀಸೆಯಲ್ಲಿ ಕೂತು ಬಂದವು. ಅವುಗಳ ಹಿಂದೆಯೇ ನಾನು ಬಂದೆ.

ನಮ್ಮದು ಲಿಂಗ ಕಟ್ಟಿದ ಮನೆತನ. ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತುವುದಿಲ್ಲ. ಕೆಲಸ ಎಂಥದು ಅಂತ ಅವ್ವ ಕೇಳಿದಾಗ, ಟೇಬಲ್ಲು ಕುರ್ಚಿ ಇರುವಂಥದು ಅಂದೆ. ಅದು ಸುಳ್ಳೇನಲ್ಲ. ಟೇಬಲ್ಲಿನ ಮೇಲೆ ಏನಿರುತ್ತದೆ ಅಂತ ಆಕೆ ಕೇಳಲಿಲ್ಲ.

ನನ್ನ ಮೊದಲ ಮೇಲಧಿಕಾರಿ ಕಾಳೆ ಸಾಹೇಬರು. ತೆಳ್ಳಗಿನ ಆಳು, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಮೊದಲ ದಿನ ತಟ್ಟೆಯಲ್ಲಿ ಒಂದು ಪ್ರಾಣಿ ಇಟ್ಟು ಇದೇನು ಅಂದರು. ಮೀನು ಅಂದೆ. ಅವರು ಬೈಯಲಿಲ್ಲ. ಅದರ ಬೆನ್ನು ಕೊಯ್ದು, ಬೆನ್ನೆಲುಬು ಹುಡುಕಿ ಕೊಡು ಅಂದರು. ಮಧ್ಯಾಹ್ನದ ತನಕ ಹುಡುಕಿದೆ. ಸಿಕ್ಕಿದ್ದು ಪ್ಲಾಸ್ಟಿಕ್ಕಿನಂಥ ಒಂದು ತೆಳು ಕಡ್ಡಿ. ಆಗ ಹೇಳಿದರು: ಇದು ಸ್ಕ್ವಿಡ್, ಕೊಂಕಣದವರು ಮಾಕೂಲ ಅನ್ನುತ್ತಾರೆ, ಮೀನಿಗಿಂತ ಬಸವನಹುಳುವಿಗೆ ಹತ್ತಿರದ ನೆಂಟ. ಅದನ್ನು ನನಗೆ ಬೆಳಿಗ್ಗೆಯೇ ಹೇಳಬಹುದಿತ್ತು. ಹೇಳಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಅವರದು ಒಂದೇ ನಿಯಮ. ಚಿತ್ರ ಬರೆಯದೆ ಹೆಸರು ಬರೆಯಬಾರದು. ದಂಡೆಯ ಸ್ಕ್ವಿಡ್ಡಿನ ಕಣ್ಣಿನ ಮೇಲೆ ತೆಳುವಾದ ಪೊರೆ ಇರುತ್ತದೆ, ಆಳದ್ದರ ಕಣ್ಣು ನೀರಿಗೆ ತೆರೆದೇ ಇರುತ್ತದೆ. ತೋಳುಗಳ ಹೀರುಬಟ್ಟಲು ಎಣಿಸಬೇಕು, ಕೆಲವಕ್ಕೆ ಬಟ್ಟಲಿನ ಬದಲು ಕೊಕ್ಕೆ. ನೀರು ಚಿಮ್ಮುವ ಕೊಳವೆಗೂ ಮೈಗೂ ನಡುವೆ, ನಮ್ಮ ಅಂಗಿಗೆ ಇರುವಂತೆ ಗುಂಡಿ ಮತ್ತು ಕಾಜು ಇರುತ್ತವೆ. ಆ ಗುಂಡಿಯ ಆಕಾರ ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. ಇದನ್ನೆಲ್ಲ ಕಣ್ಣು ನೋಡಿದರೆ ಸಾಲದು, ಕೈಯೂ ನೋಡಬೇಕು ಅನ್ನುತ್ತಿದ್ದರು. ನನ್ನ ಮೊದಲ ಚಿತ್ರ ನೋಡಿ, ಬದನೆಕಾಯಿ ಚೆನ್ನಾಗಿ ಬಂದಿದೆ ಅಂದರು.

ಮದುವೆಯಾದ ಮೇಲೆ ನನ್ನ ಕೆಲಸದ ಮುಖ್ಯ ತಪಾಸಣೆ ಮನೆಯಲ್ಲಿ ನಡೆಯತೊಡಗಿತು. ಸಂಜೆ ಬಾಗಿಲಲ್ಲೇ ಅಂಗಿ ಬಿಚ್ಚಿ, ಬಚ್ಚಲಿಗೆ ಹೋಗಿ, ಎರಡು ಸಲ ಸೋಪು ಹಚ್ಚಿಕೊಂಡು ಬಂದರೆ ಮಹಾದೇವಿ ಅಡುಗೆಮನೆಯ ಹೊಸ್ತಿಲ ತನಕ ಬಿಡುತ್ತಿದ್ದಳು. ಸ್ಕ್ವಿಡ್ಡನ್ನು ಒಮ್ಮೆಯೂ ನೋಡದ ಆಕೆ, ನಾನು ಅಂದು ಮುಟ್ಟಿದ್ದು ಹಳೆಯ ಸೀಸೆಯದೋ ಹೊಸದಾಗಿ ಬಂದದ್ದೋ ಎಂದು ಬಾಗಿಲಲ್ಲೇ ಹೇಳುತ್ತಿದ್ದಳು. ತಪ್ಪಿದ್ದು ಕಡಿಮೆ.

ಹೊಸವು ಬರುತ್ತಿದ್ದುದು ಹೆಚ್ಚಾಗಿ ಪಾಂಡುರಂಗ ತಾಂಡೇಲ ಎಂಬ ಮೀನುಗಾರನಿಂದ. ತಾಂಡೇಲ ಎಂದರೆ ದೋಣಿ ನಡೆಸುವ ಮುಖ್ಯಸ್ಥ. ರತ್ನಾಗಿರಿ ಕಡೆಯ ಸಣ್ಣ ಬಂದರಿನವನು, ಐದು ಜನರ ಮರದ ದೋಣಿ. ಮೂರು ನಾಲ್ಕು ದಿನ ಹೊರಗಿದ್ದು, ನೀರು ಹಸಿರಿನಿಂದ ಕಪ್ಪುನೀಲಿಗೆ ತಿರುಗುವ ಕಡೆ ಹೋಗಿ ಉದ್ದನೆಯ ದಾರಕ್ಕೆ ಗಾಳ ಕಟ್ಟಿ ಬಿಡುತ್ತಿದ್ದ. ತಾನು ಹಿಂದೆ ನೋಡದ ಪ್ರಾಣಿ ಬಂದರೆ ಬರಫಿನ ಡಬ್ಬದಲ್ಲಿಟ್ಟು ಸರಕಾರಿ ಎಸ್‌ಟಿ ಬಸ್ಸಿಗೆ ಹಾಕುತ್ತಿದ್ದ. ಪುಣೆಯಲ್ಲಿ ಬಸ್ಸು ಬದಲಾಗಿ ನಮ್ಮೂರಿಗೆ ಬರುವಷ್ಟರಲ್ಲಿ ಬರಫು ನೀರಾಗಿ, ಕಂಡಕ್ಟರ್ ಕೋಪಗೊಂಡಿರುತ್ತಿದ್ದ. ತಾಂಡೇಲನಿಗೆ ಇದರಿಂದ ಸಿಗುತ್ತಿದ್ದುದು ಒಂದು ಪೋಸ್ಟ್‌ಕಾರ್ಡ್, ಅದರಲ್ಲಿ ಪ್ರಾಣಿಯ ಹೆಸರು. ಅವನ್ನೆಲ್ಲ ಮನೆಯ ಗೋಡೆಗೆ ಅಂಟಿಸಿದ್ದ.

ಸೇರಿದ ಮೂರನೇ ವರ್ಷ ಅವನು ಕಳಿಸಿದ ಒಂದು ಸ್ಕ್ವಿಡ್ ಕೆಂಪಗೆ, ಮೈತುಂಬ ಚುಕ್ಕೆ ಚುಕ್ಕೆ ಬೆಳಕಿನ ಗುಳ್ಳೆಗಳಿದ್ದದ್ದು. ಎಡಗಣ್ಣು ಬಲಗಣ್ಣಿನ ಎರಡರಷ್ಟು ದೊಡ್ಡದಿತ್ತು. ಕಾಳೆ ಸಾಹೇಬರು ರಜೆಯಲ್ಲಿದ್ದರು. ನಾನು ಚಿತ್ರ ಬರೆದೆ, ಆದರೆ ಎರಡೂ ಕಣ್ಣುಗಳನ್ನು ಒಂದೇ ಅಳತೆಗೆ ಬರೆದೆ. ಕೆಳಗೆ, "ಸಾಗಣೆಯಲ್ಲಿ ಎಡಗಣ್ಣು ಊದಿಕೊಂಡಿದೆ, ಮುಂದೆ ಜೋಪಾನವಾಗಿ ಕಳಿಸತಕ್ಕದ್ದು" ಎಂದು ಸೇರಿಸಿದೆ. ಪೋಸ್ಟ್‌ಕಾರ್ಡಿನಲ್ಲೂ ಅದನ್ನೇ ಬರೆದೆ.

ಎರಡು ತಿಂಗಳ ಮೇಲೆ ಅದೇ ಜಾತಿಯ ಮೂರು ಒಟ್ಟಿಗೆ ಬಂದವು. ಮೂರಕ್ಕೂ ಎಡಗಣ್ಣು ದೊಡ್ಡದು. ಜೊತೆಗೆ ಮರಾಠಿಯಲ್ಲಿ ಒಂದು ಚೀಟಿ: ಸಾಹೇಬರೇ, ಜೋಪಾನವಾಗಿಯೇ ಕಳಿಸಿದ್ದೇನೆ, ಬಸ್ಸು ಇವುಗಳ ಎಡಗಣ್ಣಿಗೇ ಏಕೆ ಹೊಡೆಯುತ್ತದೆ ಎಂದು ತಾವು ಕಂಡುಹಿಡಿಯಬೇಕು. ಕಾಳೆ ಸಾಹೇಬರು ಚೀಟಿ ಓದಿ, ಪುಸ್ತಕ ತೆಗೆದು ತೋರಿಸಿದರು. ಆ ಸ್ಕ್ವಿಡ್ ಇರುವುದೇ ಹಾಗೆ. ಓರೆಯಾಗಿ ತೇಲುತ್ತ ದೊಡ್ಡ ಕಣ್ಣಿನಿಂದ ಮೇಲಿನ ಮಂದ ಬೆಳಕನ್ನೂ ಸಣ್ಣ ಕಣ್ಣಿನಿಂದ ಕೆಳಗಿನ ಕತ್ತಲಲ್ಲಿ ಹೊಳೆಯುವ ಪ್ರಾಣಿಗಳನ್ನೂ ನೋಡುತ್ತದೆ. ಪುಸ್ತಕ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು.

ಕ್ಷಮೆ ಕೇಳಲು ಹೋಗಿ ಬಾ ಎಂದು ಸಾಹೇಬರು ನನ್ನನ್ನು ಆ ಬಂದರಿಗೇ ಕಳಿಸಿದರು. ಹಾಗೆ ನಾನು ಮೊದಲ ಸಲ ಸಮುದ್ರ ನೋಡಿದೆ. ತಾಂಡೇಲ ನನ್ನನ್ನು ದೋಣಿಗೆ ಹತ್ತಿಸಿಕೊಂಡ. ಹಗ್ಗ ಬಿಚ್ಚುವ ಮೊದಲೇ ನನಗೆ ವಾಂತಿಯಾಯಿತು. ಅವನ ತಂಗಿ ಸುಲೋಚನಾಬಾಯಿ, ಆಗಿನ್ನೂ ಮದುವೆಯಾಗದವಳು, ನಿಂಬೆಹಣ್ಣು ತಂದುಕೊಟ್ಟು, ಕಟ್ಟಿದ ದೋಣಿಯಲ್ಲಿ ಕಾಯಿಲೆ ಬೀಳುವವರನ್ನು ಈಗಲೇ ನೋಡಿದ್ದು ಅಂದಳು. ರಾತ್ರಿ ಊಟಕ್ಕೆ ಅನ್ನ, ಸೋಲಕಢಿ ಮಾತ್ರ ತಿಂದೆ. ಹುಳಿ ನೀರಿನಂಥ ಆ ಸಾರಿನಲ್ಲಿ ಮೀನಿಲ್ಲ ಎಂದು ಅವರೆಲ್ಲ ಆಣೆ ಮಾಡಿ ಹೇಳಬೇಕಾಯಿತು. ಪ್ರಾಣಿಯ ಹಲ್ಲು, ಕೊಕ್ಕೆ, ಕಣ್ಣು ಎಲ್ಲ ಗೊತ್ತು, ರುಚಿ ಮಾತ್ರ ಗೊತ್ತಿಲ್ಲವೇ ಅಂತ ತಾಂಡೇಲ ಕೇಳಿದ. ರುಚಿಯ ಕಾಲಂ ನಮ್ಮ ಫಾರಮ್ಮಿನಲ್ಲಿ ಇಲ್ಲ ಅಂದೆ. ನಮ್ಮ ಫಾರಮ್ಮಿನಲ್ಲಿ ಅದೊಂದೇ ಇದೆ ಅಂದ.

ಕಾಲ ಬದಲಾಯಿತು. ಪೋಸ್ಟ್‌ಕಾರ್ಡ್ ಹೋಗಿ ಫೋನು ಬಂತು. ಕಾಳೆ ಸಾಹೇಬರು ನಿವೃತ್ತರಾಗಿ ಸಾಠೆ ಮೇಡಂ ಬಂದರು. ಮೇಡಂ ಚುರುಕಿನವರು. ಚಿತ್ರ ಬರೆಯುತ್ತ ಕೂತರೆ ವರ್ಷಕ್ಕೆಷ್ಟು ಆಗುತ್ತದೆ ಎಂದು ಕೇಳಿ, ಪ್ರತಿ ಪ್ರಾಣಿಯ ಚೂರೊಂದನ್ನು ಡಿಎನ್‌ಎ ಪರೀಕ್ಷೆಗೆ ದೊಡ್ಡ ಪ್ರಯೋಗಾಲಯಕ್ಕೆ ಕಳಿಸುವ ಪದ್ಧತಿ ಹಾಕಿದರು. ಒಳ್ಳೆಯ ಪದ್ಧತಿ, ಪೂಜಾ, ನೀನೂ ಅದನ್ನೇ ಮಾಡುವೆ. ಆದರೆ ನಾವು ಕಳಿಸಿದ ಮೊದಲ ಚೂರಿನ ಉತ್ತರ ಬಂದಾಗ ಕಚೇರಿಯವರೆಲ್ಲ ಅದನ್ನು ಎರಡೆರಡು ಸಲ ಓದಿದರು. ಪ್ರಾಣಿಯ ಹೆಸರು: ಮನುಷ್ಯ. ನಾನು ಕೈಗವಸು ಹಾಕಿರಲಿಲ್ಲ. ಯಂತ್ರ ಓದಿದ್ದು ನನ್ನ ಬೆರಳನ್ನು. ಮೇಡಂ ವರದಿಯನ್ನು ನನಗೇ ಕೊಟ್ಟು, ಇದು ನಿಮ್ಮ ವೈಯಕ್ತಿಕ ಕಡತದಲ್ಲಿರಲಿ, ಎಂದಾದರೂ ಬೇಕಾಗಬಹುದು ಅಂದರು.

ಇಷ್ಟು ನಗುವ ಮಾತು. ಇನ್ನು ಹೇಳುವುದಕ್ಕೆ ಆಗ ಯಾರೂ ನಗಲಿಲ್ಲ.

ನಿವೃತ್ತಿಗೆ ಮೂರು ವರ್ಷ ಇರುವಾಗ ಅಣ್ಣನ ಮಗನ ಮದುವೆಗೆಂದು ಭಾಲ್ಕಿಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಕೂತಾಗ ಮೇಡಂ ಫೋನು ಮಾಡಿದರು. ನಾಶಿಕ ಹೆದ್ದಾರಿಯ ಒಂದು ಖಾನಾವಳಿಯಲ್ಲಿ ಸ್ಕ್ವಿಡ್ ತಿಂದ ಏಳೆಂಟು ಮಂದಿಗೆ ವಾಂತಿಯಾಗಿ ಆಸ್ಪತ್ರೆಗೆ ಸೇರಿದ್ದಾರೆ, ಆಹಾರ ತಪಾಸಣೆಯವರು ಫೋಟೋ ಕಳಿಸಿದ್ದಾರೆ, ಒಂದು ನಿಮಿಷ ನೋಡಿ ಹೇಳಿ ಅಂದರು. ನೋಡಿದೆ. ಸ್ಟೀಲ್ ತಟ್ಟೆಯಲ್ಲಿ ಮೂರು ತುಂಡು. ದಪ್ಪ ಮಾಂಸ, ಗಾಢ ಕೆಂಪು ಚರ್ಮ. ತಲೆಯಿಲ್ಲ, ರೆಕ್ಕೆಯಿಲ್ಲ.

ಆಳದ ಕೆಲವು ಸ್ಕ್ವಿಡ್ಡುಗಳು ತೇಲಲು ಅನುಕೂಲವಾಗಲೆಂದು ಮೈಯಲ್ಲಿ ಅಮೋನಿಯಾ ತುಂಬಿಕೊಂಡಿರುತ್ತವೆ. ಅವು ಕಹಿ, ತಿಂದರೆ ಹೊಟ್ಟೆ ತೊಳಸುತ್ತದೆ. ಅಂಥ ಒಂದು ದೊಡ್ಡ ಜಾತಿಗೂ ಇದೇ ಬಣ್ಣ. ಬಲಗೈಯಲ್ಲಿ ಹೋಳಿಗೆ ಇತ್ತು. ಎಡಗೈಯಿಂದ ಒತ್ತಿದೆ: "ಬಹುಶಃ ಅಮೋನಿಯಾ ಜಾತಿ. ತಿನ್ನತಕ್ಕದ್ದಲ್ಲ." ಮೇಡಂ ಅದನ್ನು ಹಾಗೆಯೇ ನಾಶಿಕಕ್ಕೆ ಕಳಿಸಿದರು. ನಾಶಿಕದಿಂದ ಖಾನಾವಳಿಯ ಮಾಲೀಕನಿಗೆ, ಮಾಲೀಕನಿಂದ ಮೀನು ಪೇಟೆಗೆ ಅದು ಹೋಗುವಷ್ಟರಲ್ಲಿ "ಬಹುಶಃ" ಎಲ್ಲೋ ದಾರಿಯಲ್ಲಿ ಇಳಿದುಹೋಗಿತ್ತು.

ನಾನು ಸಂಭಾಜಿನಗರಕ್ಕೆ ಮರಳಿದ ಮೇಲೆ ಪಾಂಡುರಂಗ ತಾಂಡೇಲ ಫೋನು ಮಾಡಿದ. ಆಗಷ್ಟೇ ನನಗೆ ಗೊತ್ತಾಯಿತು: ಆ ಸ್ಕ್ವಿಡ್ ಹಿಡಿದವನು ಅವನು. ಮದುವೆಯಾಗಿ ನಾಶಿಕಕ್ಕೆ ಬಂದು, ಅಲ್ಲಿಯ ಪೇಟೆಯಲ್ಲಿ ಇಪ್ಪತ್ತು ವರ್ಷದಿಂದ ಮೀನು ಮಾರುತ್ತಿದ್ದ ಸುಲೋಚನಾಬಾಯಿಯೇ ಅದನ್ನು ಖಾನಾವಳಿಗೆ ಕೊಟ್ಟವಳು. ಎಂಟು ದಿನದಿಂದ ಅವಳ ಕಟ್ಟೆಗೆ ಗಿರಾಕಿಗಳಿಲ್ಲ. ವಿಷದ ಮೀನಿನವಳು ಎಂದು ಬೆರಳು ಮಾಡಿ ತೋರಿಸುತ್ತಾರೆ. ಇತ್ತ ಬಂದರಿನಲ್ಲಿ ಇವನ ದೋಣಿಯ ಯಾವ ಮೀನನ್ನೂ ಯಾರೂ ಎತ್ತುತ್ತಿಲ್ಲ. ಇಷ್ಟನ್ನೂ ಅವನು ದನಿ ಏರಿಸದೆ ಹೇಳಿದ.

ಕೊನೆಗೆ ಕೇಳಿದ: "ಅದನ್ನ ನಾವು ಮನ್ಯಾಗ ಉಂಡೀವಿ ಸಾಹೇಬ್. ಬಾಣಂತಿ ಮಗಳಿಗೂ ಕೊಟ್ಟೀವಿ. ನೀವು ಏನು ನೋಡಿ ಹೇಳಿದ್ರಿ?"

ಫೋಟೋ ನೋಡಿ ಹೇಳಿದೆ ಅಂದೆ. ಅವನು ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು. ಇಪ್ಪತ್ತೈದು ವರ್ಷ ಬಸ್ಸಿನಲ್ಲಿ ಪ್ರಾಣಿ ಕಳಿಸಿ, ಹೆಸರು ಬರುವ ತನಕ ಕಾದು ಕೂತ ಮನುಷ್ಯ ಅವನು. ಅವನ ಪಾಲಿಗೆ ನನ್ನ ಮಾತೆಂದರೆ ಗೋಡೆಗೆ ಅಂಟಿಸುವಂಥದು. ಅದನ್ನು ನಾನು ಹೋಳಿಗೆ ತಿನ್ನುತ್ತ ಹೇಳಿದ್ದೆ.

ಅದೇ ಪ್ರಾಣಿಯದು ಏನಾದರೂ ಉಳಿದಿದೆಯೇ ಅಂತ ಕೇಳಿದೆ. ಮುಂಭಾಗದ ಅರ್ಧ ಮೈ ತಂಗಿಯ ಬರಫಿನ ಪೆಟ್ಟಿಗೆಯಲ್ಲಿದೆ ಅಂದ. ಮರುದಿನ ನಾಶಿಕದ ಬಸ್ಸಿನಲ್ಲಿ ಬಂತು. ಜೊತೆಗೆ ಚೀಟಿ ಇರಲಿಲ್ಲ.

ಬಿಚ್ಚಿದ ಕೂಡಲೇ ತಿಳಿಯಿತು. ಸಾಮಾನ್ಯವಾಗಿ ಸ್ಕ್ವಿಡ್ಡಿನ ರೆಕ್ಕೆ ಬಾಲದ ಕಡೆ ಇರುತ್ತದೆ. ಇದರದು ಮೈಯ ಮುಂದಿನ ಅಂಚಿನಿಂದಲೇ ಶುರುವಾಗಿತ್ತು. ಗುಂಡಿಯ ಆಕಾರವೂ ಅದನ್ನೇ ಹೇಳಿತು. ಇದು ವಜ್ರದ ಆಕಾರದ ಸ್ಕ್ವಿಡ್, ಮೈಯಲ್ಲಿ ಅಮೋನಿಯಾ ಇಲ್ಲದ್ದು, ಜಪಾನಿನವರು ಹುಡುಕಿಕೊಂಡು ಹೋಗಿ ತಿನ್ನುವಂಥದು. ಆದರೂ ಕುರ್ಚಿ ಎಳೆದುಕೊಂಡು ಇಡೀ ಚಿತ್ರ ಬರೆದೆ, ಎರಡು ತಾಸು. ಆಮೇಲೆ ಹೆಸರು ಬರೆದೆ.

ಮೇಡಂ ಚಿತ್ರ ನೋಡಿ ಒಪ್ಪಿದರು. ಆದರೆ ಒಂದು ತೊಡಕು ಹೇಳಿದರು. ಮೊದಲಿನ ಅಭಿಪ್ರಾಯ ನೀವು ಬರೆದುಕೊಟ್ಟಿಲ್ಲ, ಫೋನಿನಲ್ಲಿ ಒತ್ತಿದ್ದೀರಿ. ಕಡತದಲ್ಲಿ ಇಲ್ಲದ್ದನ್ನು ಹಿಂತೆಗೆದುಕೊಳ್ಳುವುದು ಹೇಗೆ? ಹೊಸದಾಗಿ ಬರೆಯಿರಿ, ನಾನು ಮೇಲಕ್ಕೆ ಕಳಿಸುತ್ತೇನೆ, ಅಲ್ಲಿಂದ ನಾಶಿಕಕ್ಕೆ ಹೋಗುತ್ತದೆ. ಎಷ್ಟು ದಿನ ಬೇಕು ಅಂದೆ. ಅವರು ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವಿದರು. ನಾಳೆ ಒಂದು ದಿನ ರಜೆ ಬೇಕು ಅಂದೆ. ಯಾಕೆ ಅಂತ ಕೇಳದೆ ಸಹಿ ಹಾಕಿದರು. ಚುರುಕಿನವರು ಅಂತ ಮೊದಲೇ ಹೇಳಿದೆನಲ್ಲ.

ಮೊದಲ ಬಸ್ಸಿಗೆ ಹೊರಟೆ. ನಿಫಾಡದ ದ್ರಾಕ್ಷಿ ತೋಟಗಳ ನಡುವೆ ಹೋಗುವಾಗಲೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಮರಾಠಿ ವಾಕ್ಯಗಳನ್ನು ಜೋಡಿಸುತ್ತಿದ್ದೆ. ಪೇಟೆಯಲ್ಲಿ ಸುಲೋಚನಾಬಾಯಿಯ ಕಟ್ಟೆ ಮೂಲೆಯಲ್ಲಿತ್ತು. ಅಕ್ಕಪಕ್ಕ ಜನ, ಅವಳ ಮುಂದೆ ಜಾಗ ಖಾಲಿ. ಬರಫಿನ ಮೇಲೆ ಬೆಳಿಗ್ಗೆ ಬಂದ ಸ್ಕ್ವಿಡ್ ಮತ್ತು ಬಂಗಡೆ. ಅವಳಿಗೆ ನನ್ನ ಗುರುತು ಹತ್ತಲಿಲ್ಲ. ಜೋಡಿಸಿದ ವಾಕ್ಯಗಳೆಲ್ಲ ಮರೆತುಹೋದವು. ತಪ್ಪು ಹೆಸರು ಹೇಳಿದವನು ನಾನು, ನಿಮ್ಮದು ಒಳ್ಳೆಯ ಮಾಲು, ತಪ್ಪು ನನ್ನದು ಅಂತಷ್ಟೇ ಅಂದೆ.

ಅವಳು ಕತ್ತಿ ಒರೆಸಿ ಪಕ್ಕಕ್ಕಿಟ್ಟಳು. "ನನಗ ಹೇಳಿದ್ರ ಏನಾತು? ನನ್ನ ಮಾಲು ಒಳ್ಳೇದು ಅಂತ ನನಗ ಗೊತ್ತದ. ಇಲ್ಲಿ ನಿಂದರ್ರಿ. ಬಂದವರಿಗೆ ಹೇಳ್ರಿ."

ನಿಂತೆ. ಹಣೆಯ ಮೇಲೆ ಮೂರು ಬೆರಳು ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ಸ್ಕ್ವಿಡ್ಡಿನ ಚಿತ್ರ. ಮೊದಲ ಅರ್ಧ ತಾಸು ಯಾರೂ ಬರಲಿಲ್ಲ. ಆಮೇಲೆ ಪಕ್ಕದ ಕಟ್ಟೆಯವರೇ ಏನೆಂದು ಕೇಳಿದರು. ಅವರಿಗೆ ಚಿತ್ರ ತೋರಿಸಿ, ರೆಕ್ಕೆ ಎಲ್ಲಿಂದ ಶುರುವಾಗುತ್ತದೆ, ಕೆಟ್ಟ ಜಾತಿಯದು ಎಲ್ಲಿಂದ ಎಂದು ವಿವರಿಸಿದೆ. ಸುತ್ತ ಜನ ಸೇರಿದರು. ನೋಡಿದರು, ತಲೆಯಾಡಿಸಿದರು, ಕೊಳ್ಳಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಒಬ್ಬ ಮುದುಕಿ ಬಂದಳು. ನನ್ನ ವಿವರಣೆಯನ್ನೆಲ್ಲ ಕೇಳಿ, ನೀವು ತಿಂದು ನೋಡಿದ್ದೀರಾ ಅಂದಳು. ಇಲ್ಲ, ನಾವು ತಿನ್ನುವುದಿಲ್ಲ ಅಂದೆ. ಹೇಳಿದ ಮೇಲೆ ಕೆಲಸ ಕೆಟ್ಟಿತು ಅನ್ನಿಸಿತು. ಮುದುಕಿ ನನ್ನ ಹಣೆ ನೋಡಿದಳು, ಕೊರಳು ನೋಡಿದಳು. ಸುಲೋಚನಾಬಾಯಿಯ ಕಡೆ ತಿರುಗಿ ಅಂದಳು: "ಅರ್ಧ ಕಿಲೋ ಕೊಡು. ಇವರಿಗೆ ತಿನ್ನೂದೇ ಬ್ಯಾಡ, ಸುಳ್ಳು ಯಾಕ ಹೇಳ್ತಾರ?"

ಮಧ್ಯಾಹ್ನದ ಹೊತ್ತಿಗೆ ಸ್ಕ್ವಿಡ್ ಖಾಲಿಯಾಯಿತು. ಬಂಗಡೆಯೂ ಹೋಯಿತು, ಅದರ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಸುಲೋಚನಾಬಾಯಿ ಕಟ್ಟೆ ತೊಳೆದು, ನನ್ನ ಕೈಗೂ ನೀರು ಹಾಕಿ, ಅಣ್ಣನಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು. ಹೊಸ ಹೆಸರು ಹೇಳಿದೆ. ನಿಧಾನಕ್ಕೆ ಇನ್ನೊಮ್ಮೆ ಹೇಳಿ, ಬರೆದುಕೊಳ್ಳುತ್ತೇನೆ ಅಂದ ತಾಂಡೇಲ.

ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಹುಮನಾಬಾದಿನ ಒಬ್ಬ ಬಟ್ಟೆ ವ್ಯಾಪಾರಿ ಪೇಟೆಯ ಮುಂದೆ ಹಾಯುವಾಗ ನನ್ನನ್ನು ನೋಡಿ, ನಮ್ಮ ಮನೆಗೆ ಫೋನು ಮಾಡಿದ್ದರಂತೆ. ಮಹಾದೇವಿ ಬಾಗಿಲಲ್ಲೇ ನಿಂತಿದ್ದಳು. "ತಕ್ಕಡಿನೂ ಹಿಡಿದಿದ್ರಂತ, ಖರೇ ಏನ್ರಿ?" ಅಂದಳು. ತಕ್ಕಡಿ ಮುಟ್ಟಲಿಲ್ಲ ಅಂದೆ. ಎಲ್ಲವನ್ನೂ ಹೇಳಿದೆ. ಕೇಳಿ, ಬಚ್ಚಲಲ್ಲಿ ಬಿಸಿನೀರಿದೆ ಅಂದಳು. ಅಂದು ಮೂರು ಸಲ ಸೋಪು.

ಖಾನಾವಳಿಯ ಫ್ರೀಜರ್ ಎರಡು ದಿನ ಕೆಟ್ಟು ನಿಂತಿತ್ತೆಂದು ತಪಾಸಣೆಯವರು ಆಮೇಲೆ ಕಂಡುಹಿಡಿದರು. ಆಸ್ಪತ್ರೆಗೆ ಸೇರಿದವರೆಲ್ಲ ಅಷ್ಟರಲ್ಲಿ ಗುಣವಾಗಿ ಮನೆಗೆ ಹೋಗಿದ್ದರು. ನನ್ನ ಲಿಖಿತ ಅಭಿಪ್ರಾಯ ಮೂರು ಪುಟ, ಒಂದು ಚಿತ್ರ, ನಾಲ್ಕು ಸಹಿಗಳೊಂದಿಗೆ ಮೇಲಕ್ಕೆ ಹೋಗಿ, ಅಲ್ಲಿಂದ ಇಳಿದು, ನಾಶಿಕದ ಕಚೇರಿಗೆ ಮುಟ್ಟಿತು. ಅಷ್ಟು ಹೊತ್ತಿಗೆ ಪಾಂಡುರಂಗ ತಾಂಡೇಲನ ದೋಣಿ ಆರು ಸಲ ಸಮುದ್ರಕ್ಕೆ ಹೋಗಿ ಬಂದಿತ್ತು, ಅಷ್ಟೂ ಸಲದ ಮೀನು ಮಾರಿಹೋಗಿತ್ತು.